ಸುನೀತವು ಜ್ಞಾನಭಾರತಿಗೆ ಬಂದ ಬಗೆ

ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಸರ್ ಥಾಮಸ್ ವಯಟ್ ಎಂಬ ರಾಜದೂತನಿದ್ದ. ಲೌರಾ ಎಂಬಾಕೆಯನ್ನು ಕಂಡು ಮನಸೋತ ಇಟಲಿಯ ಪೆಟ್ರಾರ್ಕ್ ಹಾಡಿದ ಹದಿನಾಲ್ಕು ಸಾಲಿನ ಪ್ರೇಮಪದ್ಯಗಳಿಗೆ, ಅಂದರೆ ಸುನೀತಗಳಿಗೆ, ಇಂಗ್ಲಿಷಿನ ನುಡಿ ಕೊಟ್ಟವನು ಅವನು. ಅವನ ಹಾದಿ ಹಿಡಿದ ಸರ್ರೆಯ ಅರ್ಲ್ ಆ ಸಾಲುಗಳನ್ನು ಮೂರು ಚೌಪದಿ, ಒಂದು ದ್ವಿಪದಿಯಾಗಿ ಅಣಿಗೊಳಿಸಿದ. 1547ರಲ್ಲಿ ರಾಜದ್ರೋಹದ ಆಪಾದನೆಗೆ ಅವನ ತಲೆ ಉರುಳಿತು, ಪದ್ಯಗಳು ಉಳಿದವು. 1557ರಲ್ಲಿ ಇಬ್ಬರ ರಚನೆಗಳೂ ಟಾಟಲ್‌ನ ಸಂಕಲನದಲ್ಲಿ ಅಚ್ಚಾಗಿ ಜನರ ಕೈಸೇರಿದವು.

ಎಲಿಜಬೆತ್ ರಾಣಿಯ ಕಾಲಕ್ಕೆ ಸುನೀತದ ಬಳ್ಳಿ ಹೂಬಿಟ್ಟಿತು. ಕವಿ ಎಡ್ಮಂಡ್ ಸ್ಪೆನ್ಸರ್ 1594ರಲ್ಲಿ ಎಲಿಜಬೆತ್ ಬಾಯ್ಲ್ ಎಂಬಾಕೆಯನ್ನು ಮದುವೆಯಾದ. ಮರುವರ್ಷವೇ ಅವಳಿಗಾಗಿ ಬರೆದ ಸುನೀತಮಾಲೆ ಪ್ರಕಟವಾಯಿತು. ಅದರ ಒಂದು ಪದ್ಯದಲ್ಲಿ ಪ್ರಿಯನು ಕಡಲ ತಡಿಯ ಮರಳಿನಲ್ಲಿ ನಲ್ಲೆಯ ಹೆಸರು ಬರೆಯುತ್ತಾನೆ. ಅಲೆ ಬಂದು ಅಳಿಸುತ್ತದೆ. ಮತ್ತೆ ಬರೆಯುತ್ತಾನೆ, ಮತ್ತೆ ಅಳಿಸುತ್ತದೆ. ನಾನೂ ಹೀಗೆಯೇ ಅಳಿದುಹೋಗುವವಳು, ಈ ಶ್ರಮ ವ್ಯರ್ಥ ಎಂದು ಅವಳು ತಡೆಯುತ್ತಾಳೆ. ನಿನ್ನ ಗುಣಗಳನ್ನು ನನ್ನ ಕಾವ್ಯ ಚಿರವಾಗಿಸುತ್ತದೆ ಎಂದು ಅವನು ಮಾತು ಕೊಡುತ್ತಾನೆ. ಆ ಮಾತು ಉಳಿದಿದೆ. 1609ರಲ್ಲಿ ಬೆಳಕು ಕಂಡ ಷೇಕ್ಸ್‌ಪಿಯರನ 154 ಸುನೀತಗಳಲ್ಲಿಯೂ ಕಾಲನೊಡನೆ ಪ್ರೇಮ ಹೂಡಿದ ಈ ಹೋರಾಟವೇ ಮತ್ತೆ ಮತ್ತೆ ಕಾಣುತ್ತದೆ.

ಮೂರು ಶತಮಾನಗಳ ತರುವಾಯ ಸುನೀತ ಕನ್ನಡದ ಹೊಸ್ತಿಲಿಗೆ ಬಂತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸದ ಕಟ್ಟು ಬಿಡಿಸಿ ದಾರಿ ಸುಗಮ ಮಾಡಿದ್ದರು. ಮುಂದೆ ತಾವೂ ಸುನೀತಗಳನ್ನು ರಚಿಸಿದರು. 1926ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹೊಸ ಛಂದಸ್ಸುಗಳಿಗೆ ಕನ್ನಡದ ಕಿವಿಯನ್ನು ಹದಗೊಳಿಸಿತು. ಮಾಸ್ತಿಯವರ ‘ಮಲಾರ’, ಕುವೆಂಪು ಅವರ ‘ಕೃತ್ತಿಕೆ’ ಸುನೀತಗಳ ಸಂಗ್ರಹಗಳಾಗಿಯೇ ಹೊರಬಂದವು. ಇಂಗ್ಲಿಷಿನ ಲಯದ ಜಾಗದಲ್ಲಿ ನಮ್ಮ ಮಾತ್ರಾಗಣಗಳು ನಿಂತವು. ನಲ್ಲೆಯ ಜೊತೆಗೆ ನಾಡು, ಪ್ರಕೃತಿ, ದೇವರು, ಗುರು ಎಲ್ಲರಿಗೂ ಆ ಹದಿನಾಲ್ಕು ಸಾಲುಗಳಲ್ಲಿ ಎಡೆ ದೊರೆಯಿತು.

ಸುನೀತದ ಹಾದಿ ಮುಂದೆ ಕೆಂಪೇಗೌಡರ ಬೆಂಗಳೂರನ್ನೂ ಮುಟ್ಟಿತು. ಅಲ್ಲಿ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಹೋಗುವಾಗ ಜ್ಞಾನಭಾರತಿ ಸಿಗುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಆವರಣವದು. ಆ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿ, ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರೂ ಆಗಿದ್ದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಷೇಕ್ಸ್‌ಪಿಯರನ ಸುಮಾರು 50 ಸುನೀತಗಳನ್ನು ಕನ್ನಡಕ್ಕೆ ತಂದರು. ಶಿಶುನಾಳ ಷರೀಫರ ತತ್ವಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಲು ದುಡಿದವರೂ ಇವರೇ. ಶಿಶುನಾಳದ ಏಕತಾರಿಗೆ ಮಿಡಿದ ಮನಸ್ಸೇ ಸ್ಟ್ರಾಟ್‌ಫರ್ಡ್‌ನ ಕವಿಯ ಒಲವಿಗೂ ಮಿಡಿಯಿತು. 2021ರ ಮಾರ್ಚ್‌ನಲ್ಲಿ ಭಟ್ಟರು ನಮ್ಮನ್ನಗಲಿದರು.

ತಮ್ಮ ನೆಲದ ಹಾಡನ್ನು ಆಳವಾಗಿ ಪ್ರೀತಿಸಿದವರಿಗೇ ಪರನುಡಿಯ ಹಾಡನ್ನು ಮನೆತುಂಬಿಸಿಕೊಳ್ಳುವ ಶಕ್ತಿ ಇರುತ್ತದೆ. ಈ ಪರಂಪರೆ ನಮಗೆ ಬಿಟ್ಟುಹೋದ ಆಸ್ತಿ ಅದು. ನಮ್ಮ ತರಗತಿಗಳಲ್ಲಿ ಷೇಕ್ಸ್‌ಪಿಯರನನ್ನೂ ಷರೀಫರನ್ನೂ ಒಂದೇ ಆದರದಿಂದ ಗಟ್ಟಿಯಾಗಿ ಓದಿಸಿದರೆ ಆ ಆಸ್ತಿ ಮುಂದಿನವರಿಗೂ ಸಲ್ಲುತ್ತದೆ.