ಮೃಗಾರಣ್ಯದಲ್ಲಿ ಬಿಡಾರ: ಕ್ರೂಗರ್ ಉದ್ಯಾನದ ಪೂರ್ವವೃತ್ತಾಂತ

ವನ್ಯಮೃಗಗಳು ಸ್ವಚ್ಛಂದವಾಗಿ ಸಂಚರಿಸುವ ಎಡೆಯಲ್ಲಿಯೇ ಅವುಗಳನ್ನು ಕಂಡು, ರಾತ್ರಿ ಡೇರೆಯಲ್ಲಿ ತಂಗಿ, ಸಿಂಹಗರ್ಜನೆಯನ್ನು ಕೇಳಬೇಕೆಂಬ ಕುತೂಹಲದಿಂದ ದಕ್ಷಿಣ ಆಫ್ರಿಕಕ್ಕೆ ಪ್ರಯಾಣಮಾಡುವವರು ಇಂದು ಬಹು ಮಂದಿ. ಅವರಲ್ಲಿ ಅನೇಕರು ಅರಸುವುದು ಕ್ರೂಗರ್ ರಾಷ್ಟ್ರೀಯೋದ್ಯಾನವನ್ನು. ಸುಮಾರು ೨೦,೦೦೦ ಚದರ ಕಿಲೋಮೀಟರು ವಿಸ್ತಾರವುಳ್ಳ ಈ ಅರಣ್ಯವು ಪ್ರವಾಸಿಗಳಿಗಾಗಿ ಹುಟ್ಟಿದುದಲ್ಲ. ಆದರೆ ಅದು ಉಳಿದು ಬೆಳೆದುದಕ್ಕೆ ಪ್ರವಾಸಿಗಳೂ ಒಂದು ಮುಖ್ಯ ಕಾರಣ. ಆ ಉಳಿವಿಗೆ ಬೆಲೆ ತೆತ್ತವರಾರೆಂಬುದು ವಿಚಾರಾರ್ಹವಾದ ವಿಷಯವು.

ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕೆ ಟ್ರಾನ್ಸ್‌ವಾಲ್ ಸೀಮೆಯ ತಗ್ಗುನಾಡು ಬೇಟೆಗಾರರ ಕೋವಿಗೆ ಸಿಕ್ಕಿ ಬಹುಮಟ್ಟಿಗೆ ಬರಿದಾಗಿತ್ತು. ೧೮೯೬ರಲ್ಲಿ ಹಬ್ಬಿದ ದೊಡ್ಡರೋಗವು ದನಕರುಗಳೊಡನೆ ಕಾಡೆಮ್ಮೆಗಳನ್ನೂ ಆಹುತಿ ತೆಗೆದುಕೊಂಡಿತು. ೧೮೯೮ರಲ್ಲಿ ಅಧ್ಯಕ್ಷ ಪಾಲ್ ಕ್ರೂಗರನು ಸಾಬಿ ನದಿಯ ಪ್ರದೇಶವನ್ನು ಮೃಗರಕ್ಷಣೆಯ ಅರಣ್ಯವೆಂದು ಘೋಷಿಸಿದನು. ಮರುವರ್ಷವೇ ಬೋಯರ್ ಯುದ್ಧವು ಮೊದಲಾದುದರಿಂದ ಆ ಘೋಷಣೆಯು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಯುದ್ಧಾನಂತರ, ೧೯೦೨ರಲ್ಲಿ, ಆಂಗ್ಲ ಸರಕಾರವು ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿಯನ್ನು ಅಲ್ಲಿಯ ಪಾಲಕನನ್ನಾಗಿ ನಿಯಮಿಸಿತು. ಮೊದಲ ಮಹಾಯುದ್ಧದ ಕಾಲವನ್ನುಳಿದು ಆತನು ೧೯೪೬ರ ವರೆಗೂ ಆ ಪದವಿಯಲ್ಲಿದ್ದನು.

ಆತನು ಕಳ್ಳಬೇಟೆಯನ್ನು ಅಡಗಿಸಿದನು. ಅದರೊಡನೆ ಆ ಕಾಡಿನೊಳಗೆ ತಲೆಮಾರುಗಳಿಂದ ವಾಸಿಸುತ್ತಿದ್ದ ಜನರನ್ನೂ ಹೊರಡಿಸಿದನು. ತ್ಸೋಂಗಾ ಜನರು ಆತನಿಗೆ ‘ಸ್ಕುಕುಜಾ’ ಎಂದು ಹೆಸರಿಟ್ಟರು. ಗುಡಿಸಿಹಾಕುವವನು ಎಂಬುದು ಅದಕ್ಕೆ ಹೇಳುವ ಅರ್ಥಗಳಲ್ಲೊಂದು. ಉದ್ಯಾನದ ಮುಖ್ಯ ಬಿಡಾರವು ಇಂದಿಗೂ ಅದೇ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿ ತಂಗುವವರಲ್ಲಿ ಆ ಹೆಸರಿನ ಇತಿಹಾಸವನ್ನು ಬಲ್ಲವರು ವಿರಳ.

ಕಾಡನ್ನು ಕಾಯಲು ಸರಕಾರದ ಆಜ್ಞೆಯೊಂದೇ ಸಾಲದಾಯಿತು. ಗಣಿಗಾರರೂ ಕುರಿಗಳ ಒಡೆಯರೂ ಆ ನೆಲದ ಮೇಲೆ ಕಣ್ಣಿಟ್ಟಿದ್ದರು. ಹೀಗಿರಲು ೧೯೨೩ರಲ್ಲಿ ರೈಲ್ವೆಯವರು ಒಂಬತ್ತು ದಿನಗಳ ಪ್ರವಾಸವೊಂದನ್ನು ಏರ್ಪಡಿಸಿದರು. ಗಾಡಿಯು ರಾತ್ರಿ ಸಾಬಿ ಸೇತುವೆಯ ಬಳಿ ನಿಲ್ಲುತ್ತಿತ್ತು. ಅರಣ್ಯರಕ್ಷಕರ ಬೆಂಗಾವಲಿನಲ್ಲಿ ಪ್ರಯಾಣಿಕರು ಕಾಡಿನಲ್ಲಿ ಸ್ವಲ್ಪ ದೂರ ನಡೆಯುವರು, ದೊಡ್ಡ ಬೆಂಕಿಯ ಸುತ್ತಲೂ ಕುಳಿತು ಹೊತ್ತು ಕಳೆಯುವರು. ಇಡೀ ಪ್ರವಾಸದಲ್ಲಿ ಜನರಿಗೆ ಬಹಳವಾಗಿ ಮೆಚ್ಚಿಕೆಯಾದುದು ಇದೇ. ಮೃಗಗಳನ್ನು ಕೊಲ್ಲದೆ ನೋಡುವುದಕ್ಕೂ ಜನರು ಹಣ ಕೊಡುವರೆಂಬುದು ಆಗ ಸಿದ್ಧವಾಯಿತು. ೧೯೨೬ರಲ್ಲಿ ರಾಷ್ಟ್ರೀಯೋದ್ಯಾನದ ಶಾಸನವು ಅಂಗೀಕೃತವಾಯಿತು. ೧೯೨೭ರಲ್ಲಿ ಒಳಹೊಕ್ಕ ಮೋಟಾರು ಗಾಡಿಗಳು ಮೂರು, ೧೯೨೮ರಲ್ಲಿ ೧೮೦, ೧೯೨೯ರಲ್ಲಿ ೮೫೦. ದಾರಿಗಳೂ ಬಿಡಾರಗಳೂ ಒಂದೊಂದಾಗಿ ಆದುವು.

ಆದರೆ ಆ ಬಿಡಾರಗಳ ಬಾಗಿಲು ಸರ್ವರಿಗೂ ಸಮವಾಗಿ ತೆರೆದಿರಲಿಲ್ಲ. ಕರಿಯ ಪ್ರವಾಸಿಗಳಿಗೆ ರಾತ್ರಿ ತಂಗಲು ದಶಕಗಳ ಕಾಲ ಬಾಲೂಲೆಯೆಂಬ ಪುಟ್ಟ ಬಿಡಾರವೊಂದೇ ಗತಿಯಾಗಿತ್ತು. ೧೯೬೯ರಲ್ಲಿ, ಉತ್ತರದ ತುದಿಯಲ್ಲಿ ಲಿಂಪೊಪೊ ಮತ್ತು ಲುವುವ್ಹು ನದಿಗಳ ನಡುವೆ ವಾಸವಾಗಿದ್ದ ಮಕುಲೆಕೆ ಜನರನ್ನು ಬಲಾತ್ಕಾರದಿಂದ ಎಬ್ಬಿಸಿ, ಅವರ ನೆಲವನ್ನು ಉದ್ಯಾನಕ್ಕೆ ಸೇರಿಸಲಾಯಿತು.

ವರ್ಣಭೇದದ ಆಳ್ವಿಕೆಯು ಅಳಿದ ಮೇಲೆ ಮಕುಲೆಕೆ ಜನರು ನ್ಯಾಯವನ್ನು ಬೇಡಿದರು. ೧೯೯೮ರಲ್ಲಿ ಸುಮಾರು ೨೪,೦೦೦ ಹೆಕ್ಟೇರು ಭೂಮಿಯು ಅವರಿಗೆ ಮರಳಿ ದೊರೆಯಿತು. ಅವರು ಅದನ್ನು ಉಳಲಿಲ್ಲ, ಕಡಿಯಲೂ ಇಲ್ಲ. ಮೃಗಗಳಿಗೇ ಬಿಟ್ಟುಕೊಟ್ಟು, ಪ್ರವಾಸಿಗಳ ವಸತಿಯಿಂದ ಬರುವ ಆದಾಯವನ್ನು ಪಡೆಯಲು ಒಪ್ಪಂದ ಮಾಡಿಕೊಂಡರು. ಮೃಗರಕ್ಷಣೆಯ ಹೆಸರಿನಲ್ಲಿ ನೆಲೆ ಕಳೆದುಕೊಂಡವರೇ ಆ ನೆಲದಲ್ಲಿ ಮೃಗರಕ್ಷಣೆಗೆ ಒಡೆಯರಾದರು.

ಅಲ್ಲಿಗೆ ಹೊರಡುವವರು ಮೇ ತಿಂಗಳಿಂದ ಸೆಪ್ಟೆಂಬರಿನ ವರೆಗಿನ ಒಣಗಾಲವನ್ನು ಆರಿಸಿಕೊಳ್ಳುವುದು ಲೇಸು. ಆಗ ಹುಲ್ಲು ತೆಳುವಾಗಿರುವುದು, ಮೃಗಗಳು ನೀರಿನೆಡೆಗೆ ಕೂಡಿಬರುವುವು, ಮಲೇರಿಯದ ಭಯವೂ ಕಡಮೆ. ಸಂಜೆ ಬಾಗಿಲು ಮುಚ್ಚುವ ಮುನ್ನ ಬಿಡಾರವನ್ನು ಸೇರಲೇಬೇಕು. ದಿನಗಳಿಗೆ ಅನುಕೂಲವಿದ್ದರೆ ಉತ್ತರದ ಮಕುಲೆಕೆ ಸೀಮೆಯಲ್ಲಿಯೂ ಒಂದೆರಡು ರಾತ್ರಿ ತಂಗುವುದುಚಿತ. ಅಲ್ಲಿ ಕೊಡುವ ಹಣದಲ್ಲಿ ಆ ನೆಲದವರಿಗೂ ಪಾಲುಂಟು.