ಯಾರಿಗೆ ಯಾವ ಸಾಮು?

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ದೊಡ್ಡ ಊರುಗಳಲ್ಲಿ ಒಂದು ಕಾಲಕ್ಕೆ ಗರಡಿಮನೆ ಇರಲೇಬೇಕಿತ್ತು. ತಗ್ಗಾದ ಬಾಗಿಲು, ಗೋಡೆಯ ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಲೋಡುಗಳು, ನಡುವೆ ಎಣ್ಣೆ ಮಜ್ಜಿಗೆ ಬೆರೆಸಿ ಹದಗೊಳಿಸಿದ ಕೆಮ್ಮಣ್ಣು. ಹುಡುಗರು ಅಲ್ಲಿಗೆ ಹೋಗುತ್ತಿದ್ದುದು ಅಪ್ಪ ಹೋಗುತ್ತಿದ್ದನೆಂದು, ಅಣ್ಣ ಹೋಗುತ್ತಿದ್ದನೆಂದು. ತನ್ನ ಮೈಕಟ್ಟಿಗೆ ಕುಸ್ತಿ ಒಗ್ಗುವುದೋ ಇಲ್ಲವೋ ಎಂದು ಕೇಳಿಕೊಂಡು ಹೋದವರನ್ನು ನಾನು ಕಾಣೆ. ಈಗ ಕಾಲ ಬದಲಾಗಿದೆ. ಕರಾಟೆಯೋ, ಜೂಡೋವೋ, ಟೇಕ್ವಾಂಡೋವೋ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಸಲುವಾಗಿ ನನ್ನನ್ನು ವಿಚಾರಿಸುತ್ತಾರೆ. ಇತಿಹಾಸದ ಮೇಷ್ಟ್ರನ್ನು ಕೇಳುವ ಪ್ರಶ್ನೆಯೇ ಇದು ಎಂದು ನಗಬಹುದು. ಆದರೆ ಈ ಪ್ರಶ್ನೆ ನಮ್ಮ ನೆಲದಲ್ಲಿ ಸುಮಾರು ಒಂಬೈನೂರು ವರ್ಷಗಳಷ್ಟು ಹಳೆಯದು.

ಈಗ ಕುಕನೂರು ತಾಲ್ಲೂಕಿಗೆ ಸೇರಿರುವ, ನಾವೆಲ್ಲ ಯಲಬುರ್ಗಾ ತಾಲ್ಲೂಕಿನದೆಂದೇ ಓದಿಕೊಂಡು ಬಂದ ಇಟಗಿಯ ಮಹಾದೇವ ದೇವಾಲಯವನ್ನು ನೋಡದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಇರಲಿಲ್ಲ. ಶಾಲೆಯ ಪ್ರವಾಸವೆಂದರೆ ಅದೇ ಆಗಿತ್ತು. 1112ರಲ್ಲಿ ಅದನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. ರಾಜನಾಗಿ ಅವನು ಗೆದ್ದುದಕ್ಕಿಂತ ಬರೆದುದೇ ಹೆಚ್ಚು ಉಳಿಯಿತು. ಅವನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲ ಇವುಗಳಿಗೆ ಅನುಗುಣವಾಗಿ ವರ್ಗ ಮಾಡಲಾಗಿದೆ. ಯಾವ ಸಾಧನೆ, ಯಾವ ಊಟ ಎಂಬುದನ್ನೂ ಹೇಳಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಮೇಲಾಗಿ ಒಳ್ಳೆಯ ಸಿಹಿತಿನಿಸು, ಇವನ್ನೆಲ್ಲ ಒದಗಿಸುವುದು ಅರಸನ ಹೊಣೆ. ಮಲ್ಲಕಂಬದ ಮೂಲವನ್ನೂ ಇದೇ ಗ್ರಂಥದಲ್ಲಿ ಗುರುತಿಸುವುದು ವಾಡಿಕೆ. ಪಟ್ಟುಗಳ ಹೆಸರುಗಳಿವೆ, ವಿವರಣೆಯಿಲ್ಲ. ಓದುವವನಿಗೆ ಗೊತ್ತಿರುತ್ತದೆಂದು ಅರಸ ಭಾವಿಸಿರಬೇಕು! ಆಳನ್ನು ಮೊದಲು ಅಳೆದು ಆಮೇಲೆ ಅಂಕಣಕ್ಕೆ ಇಳಿಸಬೇಕೆಂಬ ವಿವೇಕ ನಮ್ಮ ಸೀಮೆಯನ್ನಾಳಿದ ದೊರೆಯೊಬ್ಬನಿಗೆ ಹನ್ನೆರಡನೆಯ ಶತಮಾನದಲ್ಲಿಯೇ ಇತ್ತೆಂಬುದು ನನಗೆ ಆ ಪಟ್ಟಿಗಳಿಗಿಂತ ಮುಖ್ಯವಾಗಿ ತೋರುತ್ತದೆ.

ಅಲ್ಲಿಂದ ನಾಲ್ಕು ಶತಮಾನ ಮುಂದೆ ಬನ್ನಿ. ಗಂಗಾವತಿ ತಾಲ್ಲೂಕಿನ ಆನೆಗುಂದಿಯಲ್ಲಿ ನಿಂತು ತುಂಗಭದ್ರೆಯ ಆಚೆ ದಡಕ್ಕೆ ಕಣ್ಣು ಹಾಯಿಸಿದರೆ ಹಂಪಿ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಕೃಷ್ಣದೇವರಾಯನನ್ನು ಹತ್ತಿರದಿಂದ ಕಂಡಿದ್ದ. ಚಲನಚಿತ್ರಗಳಲ್ಲಿ ನಾವು ಕಾಣುವ ಆಜಾನುಬಾಹುವಲ್ಲ ಆ ರಾಯ. ಮಧ್ಯಮ ಎತ್ತರ, ತೆಳುವೆನ್ನುವುದಕ್ಕಿಂತ ತುಸು ಸ್ಥೂಲವೆನ್ನಬಹುದಾದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಇಂಥವನ ದಿನಚರಿ ನೋಡಿ. ಬೆಳಗಾಗುವ ಮುನ್ನವೇ ದೊಡ್ಡ ಲೋಟದ ತುಂಬ ಎಳ್ಳೆಣ್ಣೆ ಕುಡಿಯುವನು, ಮೈಗೂ ಅದನ್ನೇ ತಿಕ್ಕಿಸಿಕೊಳ್ಳುವನು. (ಓದುಗರು ಇದನ್ನು ಮನೆಯಲ್ಲಿ ಪ್ರಯೋಗಿಸಬಾರದಾಗಿ ವಿನಂತಿ.) ಬಳಿಕ ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳುಗಳಲ್ಲಿ ಎತ್ತುವನು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿಯ ಸಾಮು ಮಾಡುವನು, ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಹಿಡಿಯುವನು, ಆಮೇಲೆ ಕುದುರೆಯೇರಿ ಬೆಳಕು ಹರಿಯುವ ತನಕ ಬಯಲಿನಲ್ಲಿ ಓಡಿಸುವನು. ಒಂದೇ ಸಾಮಿಗೆ ಅಂಟಿಕೊಂಡವನಲ್ಲ. ರಾಯಚೂರಿನ ಕಾಳಗಕ್ಕೆ ಹೊರಡಬೇಕಾದ ದೇಹಕ್ಕೆ ಏನೇನು ಬೇಕೋ ಅವೆಲ್ಲವನ್ನೂ ಒಂದೇ ಮುಂಜಾವಿನಲ್ಲಿ ಪೋಣಿಸಿಕೊಂಡಿದ್ದ.

ಆದರೆ ಅರಸನ ಸಾಮು ಬೇರೆ, ಅರಸನ ಅನ್ನ ಉಣ್ಣುವ ಮಲ್ಲನ ಸಾಮು ಬೇರೆ. ಮಹಾನವಮಿಯ ಉತ್ಸವದಲ್ಲಿ ನಡೆಯುತ್ತಿದ್ದ ಕುಸ್ತಿಯನ್ನು ಪಾಯೆಸ್ ತನ್ನ ದೇಶದ ಕುಸ್ತಿಗೆ ಹೋಲಿಸಲಾರದೆ ಬೆರಗಾಗಿದ್ದಾನೆ. ಹಲ್ಲು ಮುರಿಯುತ್ತಿದ್ದವು, ಕಣ್ಣು ಹೋಗುತ್ತಿದ್ದವು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಇಷ್ಟು ಕ್ರೌರ್ಯದ ನಡುವೆಯೂ ಅವನು ಇನ್ನೊಂದು ಸಂಗತಿಯನ್ನು ಗಮನಿಸಿದ. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಸೆಣಸುವವರನ್ನು ಅಂಕಣದಲ್ಲಿ ಸರಿಸಮನಾಗಿ ನಿಲ್ಲಿಸುವುದು ಅವರ ಕೆಲಸವಾಗಿತ್ತು. ನಮ್ಮ ಕಡೆ ಇದಕ್ಕೆ ‘ಜೋಡು ಹಚ್ಚುವುದು’ ಎನ್ನುತ್ತಾರೆ. ಜಾತ್ರೆಯ ಕಣದಲ್ಲಿ ಹಿರಿಯ ವಸ್ತಾದನು ಇಬ್ಬರು ಹುಡುಗರ ಹೆಗಲಿಗೆ ಹೆಗಲು ತಾಗಿಸಿ, ರಟ್ಟೆ ಮುಟ್ಟಿ, ಕೈಗೆ ಕೈ ಕೊಡಿಸುವುದನ್ನು ನೀವೂ ನೋಡಿದ್ದೀರಿ. ತಕ್ಕಡಿಯಿಲ್ಲದ ಕಾಲದಲ್ಲಿ ಆ ಕಣ್ಣೇ ತಕ್ಕಡಿ.

ಪಾಯೆಸನ ತರುವಾಯ ಅಚ್ಯುತರಾಯನ ಕಾಲದಲ್ಲಿ ಬರೆದ ನೂನಿಜ್, ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ ಅವರಿಗೆ ರಾಜ್ಯದಲ್ಲಿ ಬೇರೆ ಯಾವ ಸೇವೆಯೂ ಇರಲಿಲ್ಲವೆಂದೂ ಹೇಳುತ್ತಾನೆ. ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಅವರು ಪರಸ್ಪರ ಗಾಯಗೊಳಿಸುತ್ತಿದ್ದರಂತೆ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರ. ಇದನ್ನು ಓದಿದೊಡನೆ ಮೈಸೂರಿನ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ. ವಿಜಯದಶಮಿಯಂದು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ಇಂದಿಗೂ ಸೆಣಸುತ್ತಾರೆ. ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ವಿಜಯನಗರದ ದಸರಾ ಆಚರಣೆಯನ್ನು ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಜೆಟ್ಟಿ ಎಂಬುದು ‘ಜ್ಯೇಷ್ಠಿ’ ಎಂಬುದರಿಂದ ಬಂದ ಮಾತು. ಅದೊಂದು ಮನೆತನಗಳ ವೃತ್ತಿ. ಅಲ್ಲಿ ಸಾಮನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ, ಹುಟ್ಟೇ ಆರಿಸಿಬಿಡುತ್ತದೆ. ಪರಂಪರೆಯೆಂದು ನನಗೆ ಗೌರವವಿದೆ. ಆದರೆ ಸೋಮೇಶ್ವರನ ಅಳತೆಗೋಲೇ ನನಗೆ ಹೆಚ್ಚು ಹಿಡಿಸುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಗರಡಿಗೆ ‘ತಾಲೀಮು’ ಎಂಬ ಹೆಸರೂ ಸೇರಿತು. ಪಟ್ಟುಗಳ ಹೆಸರುಗಳೂ ಢಾಕ, ಘಿಸ್ಸಾ, ಕಲಾಜಂಗ್ ಎಂದು ಹಿಂದುಸ್ತಾನಿಯಾದವು. ಹನುಮಪ್ಪನಿಗೆ ಕೈಮುಗಿದು ಉಸ್ತಾದನ ಕಾಲು ಮುಟ್ಟುವುದರಲ್ಲಿ ಯಾರಿಗೂ ವಿರೋಧ ಕಾಣಲಿಲ್ಲ. 1947-48ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಮಾತ್ರ ಕುಸ್ತಿಯ ಪಟ್ಟುಗಳಿಂದ ಆಗುವಂಥದೇನೂ ಇರಲಿಲ್ಲ. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿಯೂ ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿಯೂ ನಡೆಸಿದ ಶಿಬಿರಗಳಲ್ಲಿ ನಮ್ಮ ಹಿರಿಯರು ಕೈಗೆತ್ತಿಕೊಂಡುದು ಬಂದೂಕನ್ನು. ಆ ಕಥೆಯನ್ನು ಇನ್ನೊಮ್ಮೆ ಬರೆಯುವೆ.

ಈಗ ನಾನೇ ಕಂಡ ಒಂದು ಸಂಗತಿ. ಎಪ್ಪತ್ತರ ದಶಕದಲ್ಲಿ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಜೋಳದ ದಂಟಿನಂತೆ ಉದ್ದ, ಅಷ್ಟೇ ತೆಳು. ತಂದೆ ಹೆಸರಾಂತ ಪೈಲ್ವಾನ. ಮಗನೂ ಪೈಲ್ವಾನನೇ ಆಗಬೇಕು ಎಂಬುದರಲ್ಲಿ ಆ ಮನೆಯಲ್ಲಿ ಎರಡು ಮಾತಿರಲಿಲ್ಲ. ಹಾಲು, ಬಾದಾಮಿ, ಬೈಠಕು, ಯಾವುದಕ್ಕೂ ಆ ಮೈ ತುಂಬಲಿಲ್ಲ. ಒಂದು ಊರಿನ ಜಾತ್ರೆಯಲ್ಲಿ, ಜೋಡು ಹಚ್ಚುವವರ ಅವಸರಕ್ಕೋ, ತಂದೆಯ ಹೆಸರಿನ ಮೇಲಿನ ಭರವಸೆಗೋ, ಅವನಿಗಿಂತ ಒಂದೂವರೆ ಪಟ್ಟು ತೂಗುವವನೊಡನೆ ಅವನ ಕೈ ಕೂಡಿಸಿದರು. ಹುಡುಗನ ಹೆಗಲ ಎಲುಬು ಮುರಿಯಿತು. ತಂದೆ ಮೂರು ತಿಂಗಳು ಮಗನೊಡನೆ ಮಾತನಾಡಲಿಲ್ಲ. ಎಲುಬು ಮುರಿದುದಕ್ಕಲ್ಲ, ಚಿತ್ತಾದುದಕ್ಕೆ. ಹುಡುಗ ಶಾಲೆಗೆ ಬಂದರೂ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ಹಾಜರಿ ಕೂಗಿದರೆ ದನಿ ಹೊರಡುತ್ತಿರಲಿಲ್ಲ.

ಅವನನ್ನು ಉಳಿಸಿದವರು ಒಬ್ಬ ಮುದಿ ಉಸ್ತಾದ. ಮೊಹರಮ್ಮಿನಲ್ಲಿ ಲಾಠಿ ತಿರುಗಿಸುವುದರಲ್ಲಿ ಅವರಿಗೆ ಸಮನಾದವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಹುಡುಗನ ಕೈಯನ್ನು ಭುಜದಿಂದ ಬೆರಳಿನವರೆಗೆ ಸವರಿ ನೋಡಿ, ಇವನ ತೋಳು ಉದ್ದ, ಇದು ಮಣ್ಣಿಗೆ ಹುಟ್ಟಿದ ಮೈಯಲ್ಲ, ಕೋಲಿಗೆ ಹುಟ್ಟಿದ್ದು ಎಂದರಂತೆ. ಎರಡು ವರ್ಷಗಳ ಬಳಿಕ ಅಲಾಯಿ ಕುಣಿಯ ಮುಂದೆ ಅವನು ಲಾಠಿ ತಿರುಗಿಸಿದುದನ್ನು ನಾನು ನೋಡಿದ್ದೇನೆ. ಗಾಳಿ ಸೀಳುವ ಸದ್ದು ಮಾತ್ರ ಕೇಳುತ್ತಿತ್ತು, ಕೋಲು ಕಾಣುತ್ತಿರಲಿಲ್ಲ. ತಂದೆಯೂ ಗುಂಪಿನ ಹಿಂದೆ ನಿಂತಿದ್ದರು.

ಇದೇ ಕಷ್ಟವನ್ನು ಉಂಡ ಇನ್ನೊಬ್ಬ ಹುಡುಗ ಜಪಾನಿನಲ್ಲಿದ್ದ. 1860ರಲ್ಲಿ ಹುಟ್ಟಿದ ಜಿಗೊರೊ ಕಾನೊ ಕುಳ್ಳ, ಕೃಶ. ಶಾಲೆಯಲ್ಲಿ ದಾಂಡಿಗರ ಕೈಗೆ ಸಿಕ್ಕು ನೊಂದವನು. ಜುಜುತ್ಸು ಕಲಿಯಲು ಹೊರಟ. ಒಂದು ಗುರುಪರಂಪರೆ ಸಾಲದೆ ಇನ್ನೊಂದಕ್ಕೆ ಹೋದ. ತನಗಿಂತ ದೊಡ್ಡವನಾದ ಜತೆಗಾರನೊಬ್ಬನನ್ನು ಕೆಡವಲಾರದೆ ಸುಮೋ ಪಟ್ಟುಗಳನ್ನು ನೋಡಿದ, ಗ್ರಂಥಾಲಯದಲ್ಲಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿದ, ಕೊನೆಗೆ ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಎಸೆಯುವ ಪಟ್ಟೊಂದನ್ನು ಸಾಧಿಸಿ ಗೆದ್ದ. ನಮ್ಮ ಪೈಲ್ವಾನರ ಕಲಾಜಂಗಿಗೆ ಅದು ಬಹಳ ಹತ್ತಿರ. 1882ರಲ್ಲಿ ಟೋಕಿಯೋದ ಬೌದ್ಧಾಲಯವೊಂದರಲ್ಲಿ, ಹನ್ನೆರಡು ಚಾಪೆಗಳ ಜಾಗದಲ್ಲಿ, ತನ್ನದೇ ಶಾಲೆ ತೆರೆದ. ಅದೇ ಜೂಡೋ. ಒಗ್ಗುವ ಸಾಮು ಸಿಗದಿದ್ದಾಗ ಮಾಡಿಕೊಂಡ ಸಾಮು ಅದು. ಎಲ್ಲರಿಗೂ ಅದು ಸಾಧ್ಯವಿಲ್ಲವೆನ್ನಿ.

ನಮ್ಮ ನೆರೆಯ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರದು ಇನ್ನೊಂದು ಬಗೆ. ಮಣ್ಣಿನಲ್ಲಿ ಪಳಗಿದ ಚಿಕ್ಕ ಆಳು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಾಪೆಯ ಕುಸ್ತಿ ಹೊಸದಾಗಿದ್ದು ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಪದಕ ಅದು. ತೂಕದ ವರ್ಗಗಳಿಲ್ಲದ ಕಣವಾಗಿದ್ದರೆ ಆ 57 ಕಿಲೋ ವರ್ಗದ ಮನುಷ್ಯನನ್ನು ಜಗತ್ತು ಗಮನಿಸುತ್ತಿತ್ತೇ?

ಕರಾಟೆ ನಮ್ಮ ಕಡೆಗೆ ಬಂದುದು ಚಿತ್ರಮಂದಿರದ ದಾರಿಯಿಂದ. ಬ್ರೂಸ್ ಲೀ, ಆಮೇಲೆ ನಮ್ಮ ಶಂಕರ್‌ನಾಗ್. ಹುಡುಗರು ಹಿತ್ತಲಿನಲ್ಲಿ ಹೆಂಚು ಒಡೆದು ಪೆಟ್ಟು ತಿಂದುದು ಬಿಟ್ಟರೆ ಮೊದಮೊದಲು ಬೇರೇನೂ ಆಗಲಿಲ್ಲ. ಆದರೆ ಅದರಿಂದ ಆದ ದೊಡ್ಡ ಉಪಕಾರವನ್ನು ಮರೆಯಲಾಗದು. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ; ಕರಾಟೆಯ ತರಗತಿಗೆ ಅಂಥ ಹೊಸ್ತಿಲೇ ಇರಲಿಲ್ಲ. ವಿಜಯನಗರದ ಅರಮನೆಯಲ್ಲಿ ಕುಸ್ತಿ ಹಿಡಿಯುವ ಸ್ತ್ರೀಯರಿದ್ದರೆಂದು ನೂನಿಜ್ ಒಂದು ಮಾತು ಹೇಳಿ ಮುಂದೆ ಹೋಗುತ್ತಾನೆ. ಆ ಒಂದು ಮಾತಿನಾಚೆ ಅವನಲ್ಲಿ ಅವರ ಸುದ್ದಿ ಇಲ್ಲ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ಸೇರಿದುದೇ 2004ರಲ್ಲಿ. 2016ರಲ್ಲಿ ಸಾಕ್ಷಿ ಮಲಿಕ್ ಪದಕ ತಂದಾಗ ನಮ್ಮ ಓಣಿಯ ಮುದುಕಿಯರೂ ದೂರದರ್ಶನದ ಮುಂದೆ ಕೂತಿದ್ದರು.

ಲಾಠಿಯ ಆ ಹುಡುಗ ಪೊಲೀಸ್ ಇಲಾಖೆ ಸೇರಿ, ಈಗ ನಿವೃತ್ತನೂ ಆಗಿದ್ದಾನೆ. ಜಾತ್ರೆಯ ಕುಸ್ತಿ ನೋಡಲು ಇಂದಿಗೂ ಹೋಗುವುದಿಲ್ಲ. ಕಳೆದ ವರ್ಷ ಅವನ ಮೊಮ್ಮಗಳನ್ನು ಜೂಡೋ ತರಗತಿಗೆ ಸೇರಿಸಲು ಸೊಸೆಯೊಡನೆ ತಾನೂ ಹೋಗಿದ್ದನಂತೆ. ಶುಲ್ಕವೆಷ್ಟೆಂದು ಸೊಸೆ ವಿಚಾರಿಸುತ್ತಿರುವಾಗ ಇವನು ಅಡ್ಡ ಬಾಯಿ ಹಾಕಿ, ಮಗುವಿನ ಜೋಡು ಯಾರು, ಅವಳನ್ನು ಕರೆಯಿರಿ, ಇಬ್ಬರನ್ನೂ ತೂಕ ಮಾಡಿ ತೋರಿಸಿರಿ ಎಂದು ಪಟ್ಟು ಹಿಡಿದನೆಂದು ಸೊಸೆಯೇ ನನ್ನೆದುರು ಹೇಳಿ ನಕ್ಕಳು. ಅವನು ನಗಲಿಲ್ಲ.