ಚಿತ್ರದೊಳಗಿನ ಗಂಟೆ

ಮುಸ್ಸಂಜೆಯ ಹೊಲ. ಆಲೂಗಡ್ಡೆ ಅಗೆಯುತ್ತಿದ್ದ ಗಂಡಸೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಎದುರಿಗೆ ಹೆಂಗಸೊಬ್ಬಳು ಕೈಜೋಡಿಸಿ ತಲೆಬಾಗಿದ್ದಾಳೆ. ಬಳಿಯಲ್ಲಿ ಬುಟ್ಟಿ, ದೂರದ ಅಂಚಿನಲ್ಲಿ ಚರ್ಚಿನ ಸಣ್ಣ ಗೋಪುರ. ಫ್ರಾನ್ಸಿನ ಕಲಾವಿದ ಮಿಲ್ಲೆ 1857ರಿಂದ 1859ರ ಅವಧಿಯಲ್ಲಿ ರಚಿಸಿದ ‘ಏಂಜೆಲುಸ್’ ಚಿತ್ರವಿದು. ಇದರಲ್ಲಿ ಗಂಟೆ ಎಲ್ಲಿಯೂ ಕಾಣುವುದಿಲ್ಲ. ಆದರೂ ಮೂಕವಾದ ಈ ಪಟದ ಮುಂದೆ ನಿಂತವರಿಗೆ ಗಂಟೆಯ ನಾದ ಕೇಳಿಸುತ್ತದೆ.

ಅದು ತ್ರಿಕಾಲ ಪ್ರಾರ್ಥನೆಯ ಗಂಟೆ. ಗಬ್ರಿಯೇಲ ದೂತನು ಮಾತೆ ಮರಿಯಳಿಗೆ ತಂದ ಶುಭಸಂದೇಶವನ್ನು ಮುಂಜಾನೆ, ಮಧ್ಯಾಹ್ನ, ಸಂಜೆ ನೆನೆಯಲು ಕರೆಯುವ ದನಿ. ಮಧ್ಯಾಹ್ನದ ಗಂಟೆಗೆ ಯುದ್ಧದ ನೆನಪೂ ಅಂಟಿಕೊಂಡಿದೆ. ತುರ್ಕರ ಸೈನ್ಯ ಬೆಲ್‌ಗ್ರೇಡಿನತ್ತ ಸಾಗಿದ್ದ 1456ರಲ್ಲಿ ಪೋಪ್ ಮೂರನೆಯ ಕಲಿಸ್ತುಸರು ಪ್ರತಿದಿನ ಗಂಟೆ ಬಾರಿಸಿ ಪ್ರಾರ್ಥಿಸಲು ಆದೇಶಿಸಿದ್ದರು. ಅಂದು ಭೀತಿಯನ್ನು ಸಾರಿದ ನಾದವೇ ಮುಂದೆ ರೈತನಿಗೆ ಶಾಂತಿಯ ನಾದವಾಯಿತು.

ಮಿಲ್ಲೆಗೆ ಅದು ಇನ್ನೂ ಆಪ್ತವಾದುದನ್ನು ನೆನಪಿಸಿತ್ತು. ತಾನು ಬಾಲ್ಯದಲ್ಲಿ ಹೊಲದಲ್ಲಿ ದುಡಿಯುತ್ತಿದ್ದಾಗ, ಗಂಟೆ ಕೇಳಿದೊಡನೆ ಅಜ್ಜಿ ಎಲ್ಲರ ಕೆಲಸ ನಿಲ್ಲಿಸಿ, ಅಗಲಿದ ಬಡ ಆತ್ಮಗಳಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದರೆಂದೂ, ಆ ನೆನಪೇ ಚಿತ್ರಕ್ಕೆ ಮೂಲವೆಂದೂ ಆತ 1865ರಲ್ಲಿ ಹೇಳಿಕೊಂಡಿದ್ದಾನೆ. ಚಿತ್ರದ ಗೋಪುರ ಪ್ಯಾರಿಸಿನ ದಕ್ಷಿಣಕ್ಕಿರುವ ಶಾಯಿ ಗ್ರಾಮದ್ದು. ಅವನ ಮನದಲ್ಲಿದ್ದ ಗಂಟೆ ನಾರ್ಮಂಡಿಯ ತವರೂರಿನದು. ಅಜ್ಜಿ 1851ರಲ್ಲೇ ತೀರಿಕೊಂಡಿದ್ದರು. ಯಾರು ಸತ್ತವರಿಗಾಗಿ ಪ್ರಾರ್ಥಿಸಲು ಕಲಿಸಿದ್ದರೋ ಅವರೇ ಈಗ ಸತ್ತವರ ಸಾಲಿಗೆ ಸೇರಿದ್ದರು.

ಗಂಟೆ ಕಂಚಿನ ಎರಕವಷ್ಟೇ ಆಗಿದ್ದರೆ ಅದರ ಅಗಲಿಕೆಗೆ ಜನ ಕಣ್ಣೀರಿಡುತ್ತಿರಲಿಲ್ಲ. ಫ್ರೆಂಚ್ ಕ್ರಾಂತಿಯ ಸರ್ಕಾರ 1793ರಲ್ಲಿ ಪ್ರತಿ ಧರ್ಮಕೇಂದ್ರಕ್ಕೆ ಒಂದೇ ಗಂಟೆ ಉಳಿಸಿ, ಮಿಕ್ಕವನ್ನು ಫಿರಂಗಿಗಾಗಿ ಕರಗಿಸಲು ಆಜ್ಞಾಪಿಸಿತು. ಹಲವು ಗ್ರಾಮಗಳು ಇದನ್ನು ಪ್ರತಿಭಟಿಸಿದವು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯೂರೋಪಿನಾದ್ಯಂತ ಸುಮಾರು 1,75,000 ಗಂಟೆಗಳನ್ನು ಇಳಿಸಿ ಒಯ್ದರು. ಬಹುಪಾಲು ಕುಲುಮೆಗೆ ಬಿದ್ದವು. ಹ್ಯಾಂಬರ್ಗಿನಲ್ಲಿ ಅವನ್ನು ರಾಶಿ ಹಾಕಿದ್ದ ಸ್ಥಳವನ್ನು ಜನ ‘ಗಂಟೆಗಳ ಸ್ಮಶಾನ’ ಎಂದರು. ತಮ್ಮ ದೀಕ್ಷಾಸ್ನಾನಕ್ಕೆ, ಮದುವೆಗೆ, ಹೆತ್ತವರ ಅಂತ್ಯಯಾತ್ರೆಗೆ ಮೊಳಗಿದ ದನಿಯನ್ನು ಕಳೆದುಕೊಂಡವರ ಮಾತು ಅದು.

ನಾದಕ್ಕೆ ನೆನಪು ಬೆಸೆದುಕೊಂಡಾಗ ಮೌನಕ್ಕೂ ಅರ್ಥ ಬರುತ್ತದೆ. ಪವಿತ್ರ ಗುರುವಾರ ಸಂಜೆಯ ಮಹಿಮಾಗೀತೆಯಿಂದ ಪಾಸ್ಖ ಜಾಗರಣೆಯವರೆಗೆ ನಮ್ಮ ಗಂಟೆಗಳು ಮೌನ ತಾಳುತ್ತವೆ. ವರ್ಷವಿಡೀ ಗಂಟೆ ಕೇಳಿದವರಿಗೆ ಮಾತ್ರ ಆ ಮೌನದ ಭಾರ ತಿಳಿಯುತ್ತದೆ.

ಇಂದು ಧ್ವನಿಮುದ್ರಿತ ಗಂಟೆಯನ್ನು ಗುಂಡಿ ಒತ್ತಿ ಮೊಳಗಿಸಬಹುದು. ದನಿಗೇನೂ ಕೊರತೆಯಿಲ್ಲ. ಆದರೆ ಅದು ಕೇಳಿದಾಗ ನಮ್ಮ ಮನೆಗಳಲ್ಲಿ ಯಾರು ಕೆಲಸ ನಿಲ್ಲಿಸುತ್ತಾರೆ? ಗುರುವಾದ ನಾನೂ ಎಷ್ಟೋ ಸಂಜೆ ಕಡತದಿಂದ ತಲೆಯೆತ್ತದೆ ಗಂಟೆಯನ್ನು ದಾಟಿ ಹೋಗಿದ್ದೇನೆ. ಮಿಲ್ಲೆಯ ಅಜ್ಜಿ ಮಾಡಿದ್ದು ಸಣ್ಣ ಕೆಲಸ: ಗಂಟೆ ಕೇಳಿದಾಗ ನಿಂತರು, ಜೊತೆಗಿದ್ದ ಮಗುವನ್ನೂ ನಿಲ್ಲಿಸಿದರು. ಮುಂದೊಂದು ದಿನ ಗಂಟೆ ಕೇಳಿದಾಗ ನಮ್ಮ ಮಕ್ಕಳಿಗೆ ಯಾರಾದರೂ ನೆನಪಾಗಬೇಕಾದರೆ, ಇಂದು ಅವರ ಪಕ್ಕದಲ್ಲಿ ನಾವು ಒಂದು ಗಳಿಗೆ ನಿಲ್ಲಬೇಕು.